ಚೆಲುವಿಯ ಕಾಯಿಹಾಲು

ಈ ಕಥೆ ಬರೆಯಲು ಕೂರುವ ಮುಂಚೆ ಮನೆಯಲ್ಲಿದ್ದ ಹಾಲನ್ನೆಲ್ಲ ಪಕ್ಕದ ಮನೆಗೆ ದಾಟಿಸಿ ಬಂದಿದ್ದೇನೆ. ಬರೆದರೆ ಏನೂ ಆಗುವುದಿಲ್ಲ, ಬಾಯಿಬಿಟ್ಟು ಹೇಳಿದರೆ ಮಾತ್ರ ತೊಂದರೆ ಎಂದು ಎಲ್ಲರೂ ಅನ್ನುತ್ತಾರೆ. ಆದರೆ ನನಗೆ ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳುವ ಚಾಳಿ. ಸಂಜೆ ನಮ್ಮನೆಯವರು ಕಾಫಿಗೆಂದು ಬಂದು ಕೂತಾಗ ಒಡೆದ ಹಾಲು ತೋರಿಸಿ ಬೈಸಿಕೊಳ್ಳುವವರು ಯಾರು?

ನಮ್ಮೂರಿನಲ್ಲಿ ಯಾರನ್ನಾದರೂ ವಿವೇಕಿ ಎಂದು ಕರೆದಾಗ, ಆ ಮಾತು ಅವರಿಗೆ ಸಲ್ಲದಿದ್ದರೆ, ಅದೇ ಸೂರಿನ ಕೆಳಗಿರುವ ಹಾಲೆಲ್ಲ ಒಡೆದುಹೋಗುತ್ತದೆ. ಜಾಣ, ಬುದ್ಧಿವಂತ, ಚತುರ ಎಂದು ಎಷ್ಟು ಬೇಕಾದರೂ ಹೊಗಳಿ, ಹಾಲು ಕೇಳಿಯೂ ಕೇಳದಂತೆ ಸುಮ್ಮನಿರುತ್ತದೆ. ಈ ಒಂದು ಮಾತಿಗೆ ಮಾತ್ರ ಅದಕ್ಕೆ ಮೂಗಿನ ತುದಿಯಲ್ಲಿ ಕೋಪ. ನಮ್ಮಜ್ಜಿಯ ಕಾಲದಿಂದ ಹಿಡಿದು ನನ್ನ ಕಾಲದವರೆಗೆ, ಆ ಮಾತು ಆಡಿದ ಮೇಲೂ ಹಾಲು ಒಡೆಯದೆ ಉಳಿದದ್ದನ್ನು ಕಂಡವರು ಒಬ್ಬರೂ ಇರಲಿಲ್ಲ. ಹಾಗಾಗಿ ಜನ ಹೊಂದಿಕೊಂಡರು. ಅದನ್ನು "ಆ ಮಾತು" ಎಂದಷ್ಟೇ ಕರೆದರು. ಹೆಣ್ಣು ನೋಡಲು ಬಂದವರು "ಹುಡುಗಿ ಅಡ್ಡಿಯಿಲ್ಲ" ಎಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ. ಕಾಫಿ ಹೋಟೆಲಿನ ಗೋಡೆಗೆ "ಇಲ್ಲಿ ಆ ಮಾತು ಆಡಬಾರದು" ಎಂಬ ಬೋರ್ಡು ಹಾಕಿದ್ದಾರೆ. ಭಾಷಣ ಮಾಡಲು ಬರುವ ಹೊರಗಿನವರನ್ನು ಬಯಲಿನಲ್ಲೇ ನಿಲ್ಲಿಸುತ್ತೇವೆ. ಶಾಲೆಯ ಮೇಷ್ಟ್ರು ಆ ಪದದ ಅರ್ಥ ಹೇಳಬೇಕಾದ ದಿನ ಮಕ್ಕಳನ್ನು ಹುಣಸೆಮರದ ಕೆಳಕ್ಕೆ ಕರೆದೊಯ್ದು, ಹಂಸಪಕ್ಷಿ ಹಾಲನ್ನೂ ನೀರನ್ನೂ ಬೇರೆ ಮಾಡುವಂತೆ ಒಳಿತು ಕೆಡುಕುಗಳನ್ನು ಬೇರೆ ಮಾಡಿ ನೋಡುವುದು ಎಂದು ವಿವರಿಸುತ್ತಾರೆ. ನಮ್ಮೂರಿನಲ್ಲಿ ಹಾಲನ್ನೂ ನೀರನ್ನೂ ಬೇರೆ ಮಾಡುವ ಕೆಲಸಕ್ಕೆ ಹಂಸ ಬೇಕಿರಲಿಲ್ಲ, ಆ ಪದವೇ ಸಾಕಿತ್ತು. ಒಡೆದ ಹಾಲನ್ನು ಚೆಲ್ಲಲು ಮನಸ್ಸು ಬರುತ್ತದೆಯೇ? ಬೆಲ್ಲ ಹಾಕಿ ಕುದಿಸಿ, ಏಲಕ್ಕಿ ಪುಡಿ ಉದುರಿಸಿ ಒಂದು ಸಿಹಿ ಮಾಡುತ್ತೇವೆ. ಅದರ ಹೆಸರು ಹೊಗಳಿಕೆ. ಬಲು ರುಚಿ, ಎರಡು ತುತ್ತಿಗಿಂತ ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತದೆ.

ಚೆಲುವಿ ನನ್ನ ಅಕ್ಕನ ಮಗಳು. ಇಟ್ಟ ಹೆಸರು ಚೆಲುವಾಂಬ. ಅಕ್ಕ ಭಾವ ಇಬ್ಬರೂ ಬೇಗ ಹೋಗಿಬಿಟ್ಟರು, ಮಗು ನಮ್ಮ ಮನೆಗೆ ಬಂತು. ನಮಗೆ ಮಕ್ಕಳಿರಲಿಲ್ಲ. ನನ್ನನ್ನು ಚಿಕ್ಕವ್ವ ಅನ್ನುತ್ತಾಳೆ, ನಮ್ಮನೆಯವರನ್ನು ಚಿಕ್ಕಪ್ಪ. ಇಬ್ಬರಿಗೂ ಅವಳೆಂದರೆ ಪ್ರಾಣ. ಹೊಳೆಯಾಚೆಯ ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಮಹಿಮರಂಗ ಎಂಬ ಹುಡುಗನನ್ನು ಅವಳೇ ಮೆಚ್ಚಿದಳು. ಹುಡುಗನಿಗೆ ತಾಯಿ ಹೊನ್ನಕ್ಕ ಒಬ್ಬಳೇ. ಆಕೆಗೆ ಮಾತು ಕಡಿಮೆ, ಕಣ್ಣು ಚುರುಕು. ವೀಳ್ಯಶಾಸ್ತ್ರಕ್ಕೆ ದಿನ ಗೊತ್ತಾಯಿತು.

ನಮ್ಮಲ್ಲಿ ವೀಳ್ಯದ ದಿನ ಹಾಲು ಒಡೆದರೆ ಸಂಬಂಧ ಮುರಿದ ಹಾಗೆ. ಅದಕ್ಕೇ ನಮ್ಮನೆಯವರು ಬೀಗರ ಕಡೆಯವರನ್ನು ಬಾಗಿಲಲ್ಲೇ ತಡೆದು, "ಹುಡುಗೀನ ಬೈದ್ರೂ ಚಿಂತೆ ಇಲ್ಲ, ಆ ಮಾತು ಮಾತ್ರ ಆಡಬ್ಯಾಡಿ" ಎಂದು ಕೈಮುಗಿದು ಕೇಳಿಕೊಂಡರು. ಎಲ್ಲರೂ ತಲೆಯಾಡಿಸಿದರು. ಆದರೆ ಹೊನ್ನಕ್ಕನ ಚಿಕ್ಕಮಾವ ಗವಿಯಜ್ಜ ದೋಣಿ ತಪ್ಪಿಸಿಕೊಂಡು, ಎಲೆ ಹಾಕುವ ಹೊತ್ತಿಗೆ ಬಂದ. ಬಂದವನೇ ಪಂಚೆ ಕೊಡವಿ, ಚೆಲುವಿಯ ತಲೆಯ ಮೇಲೆ ಕೈಯಿಟ್ಟು, ಮನೆಯೆಲ್ಲ ಮೊಳಗುವಂತೆ ಹೇಳಿದ: "ನಮ್ಮ ಮಹಿಮ ಪುಣ್ಯ ಮಾಡಿದ್ದ ಕಣ್ರಪ್ಪ. ಹುಡುಗಿ ಭಾಳ ವಿವೇಕವಂತೆ!"

ಎಲೆಯ ಮುಂದೆ ಕೂತವರ ಕೈ ಗಾಳಿಯಲ್ಲೇ ನಿಂತಿತು. ನಮ್ಮನೆಯವರು ಗೋಡೆ ಹಿಡಿದುಕೊಂಡರು. ಯಾರೋ ಅಡುಗೆಮನೆಗೆ ಓಡಿ ಪಾಯಸದ ಹಂಡೆಯ ಮುಚ್ಚಳ ತೆಗೆದರು, ಇನ್ಯಾರೋ ಗಂಡುಹೆಣ್ಣಿಗೆಂದು ಇಟ್ಟಿದ್ದ ಹಾಲಿನ ಲೋಟವನ್ನು ಬೆಳಕಿಗೆ ಹಿಡಿದರು. ಶ್ಯಾವಿಗೆ ನೆಮ್ಮದಿಯಾಗಿ ಈಜುತ್ತಿತ್ತು. ಲೋಟದ ಹಾಲು ನಯವಾಗಿ, ಬೆಳ್ಳಗೆ, ಏನೂ ಆಗದಂತೆ ಇತ್ತು.

"ಒಡ್ದಿಲ್ಲ!" ಎಂದು ಯಾರೋ ಚೀರಿದರು. ಆಮೇಲೆ ಎದ್ದ ಗದ್ದಲವನ್ನು ಹೇಳಿ ಪ್ರಯೋಜನವಿಲ್ಲ. ಮುದುಕರು ಅತ್ತರು. ಊರ ಯಜಮಾನ ಬೋರಲಿಂಗಯ್ಯ ಊಟ ಬಿಟ್ಟು ಎದ್ದು, ಮೊಮ್ಮಗಳ ವಯಸ್ಸಿನ ಹುಡುಗಿಗೆ ಅಡ್ಡಬಿದ್ದ.

ನಿಜ ಗೊತ್ತಿದ್ದವರು ನಾವು ಇಬ್ಬರೇ, ಚೆಲುವಿ ಮತ್ತು ನಾನು. ಹಂಡೆಯಲ್ಲಿದ್ದುದು ಕಾಯಿಹಾಲು. ಲೋಟದಲ್ಲಿದ್ದುದೂ ಕಾಯಿಹಾಲೇ. ಬೆಳಿಗ್ಗೆ ಚೆಲುವಿ ನನ್ನನ್ನು ಹಿತ್ತಲಿಗೆ ಕರೆದು, "ಚಿಕ್ಕವ್ವ, ಚಿಕ್ಕಪ್ಪ ಬಾಗಿಲಲ್ಲಿ ಹೇಳೋದು ಎಲ್ಲರ ಕಿವೀಗೂ ಬೀಳಕ್ಕಿಲ್ಲ. ಹೊಗಳೋ ಮುದುಕ ಒಬ್ಬ ಇದ್ದೇ ಇರ್ತಾನೆ. ಅವನ ಮಾನ ಹೋಗಬಾರದು, ನಮ್ಮದೂ ಹೋಗಬಾರದು" ಎಂದು ಹೇಳಿ, ಕರೆದ ಹಾಲನ್ನೆಲ್ಲ ಬೇರೆ ಸೂರಿನ ಕೊಟ್ಟಿಗೆಯಲ್ಲೇ ಬಿಟ್ಟು, ತುರಿದ ಕಾಯಿಯನ್ನು ರುಬ್ಬಿ ಹಿಂಡಿದ್ದಳು. ಶುಭಕಾರ್ಯಕ್ಕೆ ಹಸುವಿನ ಹಾಲೇ ಆಗಬೇಕೆಂಬುದು ನಮ್ಮಲ್ಲಿ ಶಾಸ್ತ್ರ. ಅದನ್ನು ದಾಟಬಹುದೆಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಕಾಯಿಹಾಲಿಗೆ ನಮ್ಮ ಹೊಗಳಿಕೆಯ ಗೊಡವೆಯಿಲ್ಲ. ಅದು ಮರದ ಮೇಲೆ ಬೆಳೆದದ್ದು, ಮನುಷ್ಯರ ಮಾತು ಅಷ್ಟೆತ್ತರಕ್ಕೆ ಹೋಗುವುದಿಲ್ಲ. ಪಾಯಸ ತಿಂದವರಿಗೆ ನಾಲಗೆಯಾದರೂ ಹೇಳಬೇಕಿತ್ತು. ಆದರೆ ಬೆರಗಾದ ಬಾಯಿಗೆ ರುಚಿ ತಿಳಿಯುವುದಿಲ್ಲ, "ಇಂಥ ಪಾಯಸ ಜನ್ಮದಲ್ಲಿ ಉಂಡಿರಲಿಲ್ಲ" ಎಂದು ಇನ್ನೊಮ್ಮೆ ಬಡಿಸಿಕೊಂಡರು.

ಆ ಹೊತ್ತಿನಲ್ಲಿ ನಿಜ ಹೇಳುವುದು ಹೇಗೆ? ಹೇಳಿದರೆ ಯಜಮಾನ ಅಲ್ಲೇ ಹಸುವಿನ ಹಾಲು ತರಿಸಿ ಪರೀಕ್ಷೆ ಮಾಡಿಸುತ್ತಿದ್ದ. ಅದು ಒಡೆದರೆ ಮದುವೆಯೂ ಒಡೆಯುತ್ತಿತ್ತು. ಚೆಲುವಿ ನನ್ನ ಕೈ ಅದುಮಿ, "ಮಿಸುಕಬ್ಯಾಡ" ಎಂದಳು. ನಾನು ಮಿಸುಕಲಿಲ್ಲ. ಆದರೆ ಹೊಟ್ಟೆಯೊಳಗಿನ ಗುಟ್ಟು ಬಿಸಿ ತುಪ್ಪದಂತೆ, ನುಂಗಲೂ ಆಗದು, ಉಗುಳಲೂ ಆಗದು. ನಮ್ಮನೆಯವರಿಗೂ ಹೇಳಲಿಲ್ಲ. ಅವರಿಗೆ ಹೇಳಿದರೆ ಎಮ್ಮೆಗೂ ಗೊತ್ತಾಗುತ್ತದೆ.

ಮಾರನೆಯ ದಿನವೇ ಬೋರಲಿಂಗಯ್ಯ ಮಂಗಳವಾದ್ಯ ಸಮೇತ ಬಂದು ಚೆಲುವಿಯನ್ನು ಚಾವಡಿಗೆ ಕರೆದೊಯ್ದ. ಚಾವಡಿಯ ಮಧ್ಯದಲ್ಲಿ ಒಂದು ಕಲ್ಲಿನ ಪೀಠವಿದೆ, ಊರಿನ ವಿವೇಕಿಗೆ ಮೀಸಲು. ಅಲ್ಲಿಯವರೆಗೆ ಅದರ ಮೇಲೆ ಕೂತದ್ದು ಬೆಕ್ಕು ಮಾತ್ರ. ಬೆಕ್ಕನ್ನು ಇಳಿಸಿ ಚೆಲುವಿಯನ್ನು ಕೂರಿಸಿದರು.

ಮೊದಲ ದಿನ ಬಂದವು ನಿಜವಾದ ಜಗಳಗಳೇ. ಕರಿಯಣ್ಣನ ಹುಂಜ ಪಕ್ಕದ ದಾಸಪ್ಪನ ಹಿತ್ತಲಿಗೆ ನುಗ್ಗಿ ಸೊಪ್ಪಿನ ಮಡಿ ಕೆದರಿತ್ತು. ಈರಜ್ಜಿಗೆ ಸೊಸೆ ಎದುರುತ್ತರ ಕೊಡುವುದಿಲ್ಲ ಎಂಬುದೇ ದೂರು, "ಬೈಯೋಕೂ ಒಂದು ಜೊತೆ ಬ್ಯಾಡ್ವಾ?" ಎನ್ನುತ್ತಿದ್ದಳು. ಚೆಲುವಿ ತನಗೆ ತೋಚಿದ್ದನ್ನು ಹೇಳಿದಳು. ಅದು ಯಾರಿಗಾದರೂ ತೋಚುವಂಥದ್ದೇ. ಆದರೆ ವಾರ ಕಳೆಯುವುದರೊಳಗೆ ಜನ ತೋಚಿಸಿಕೊಳ್ಳುವುದನ್ನೇ ಬಿಟ್ಟರು. ಮೋಡ ಕಂಡರೆ ಕೊಡೆ ಒಯ್ಯಬೇಕೋ ಬೇಡವೋ ಎಂದು ಕೇಳಲು ಬಂದರು. ಸಾರಿಗೆ ಉಪ್ಪು ಹೆಚ್ಚಾಗಿದೆಯೇ ಎಂದು ತಟ್ಟೆ ಹಿಡಿದು ಬಂದರು. ನಮ್ಮೂರಿನ ಕ್ಷೌರಿಕನ ಮುಂದೆ ಒಬ್ಬ ಅರ್ಧ ಮೀಸೆ ಬೋಳಿಸಿಕೊಂಡವನು, ಉಳಿದರ್ಧ ತೆಗೆಯಬೇಕೇ ಎಂದು ಕೇಳಲು ಸಾಬೂನಿನ ನೊರೆ ಸಮೇತ ಓಡಿಬಂದ. ಮೇಷ್ಟ್ರು ಕೂಡ ಎರಡಕ್ಕೆ ಎರಡು ಸೇರಿಸಿದರೆ ಎಷ್ಟೆಂದು ಮಕ್ಕಳಿಗೆ ಹೇಳುವ ಮುಂಚೆ ಚಾವಡಿಯ ಕಡೆ ಒಮ್ಮೆ ನೋಡುತ್ತಿದ್ದರಂತೆ. ಒಬ್ಬಳು ವಿವೇಕಿ ಸಿಕ್ಕಿದ್ದೇ ತಡ, ಊರಿಗೆ ಊರೇ ಬುದ್ಧಿಗೆ ರಜೆ ಸಿಕ್ಕಂತೆ ಕುಣಿಯತೊಡಗಿತು.

ಚೆಲುವಿ ಸಂಜೆ ಮನೆಗೆ ಬಂದು ಚಾಪೆಯ ಮೇಲೆ ಬಿದ್ದುಕೊಂಡು ಹೇಳುತ್ತಿದ್ದಳು: "ಒಂದು ವಿಚಿತ್ರ ನೋಡು ಚಿಕ್ಕವ್ವ. ಪ್ರತಿ ಜಗಳದೊಳಗೂ ಯಾರೋ ಒಬ್ರು ಸದ್ದಿಲ್ದೆ ಒಂದು ಒಳ್ಳೆ ಕೆಲಸ ಮಾಡಿರ್ತಾರೆ. ಜಗಳ ಹೇಳ್ತಾ ಹೇಳ್ತಾ ಅದೂ ಬಾಯಿಂದ ಉದುರ್ತದೆ. ಹೇಳಿದೋರಿಗೇ ಅದು ಕೇಳ್ಸಕ್ಕಿಲ್ಲ."

"ನಿನ್ನ ಮದುವೆ ಮಾತು ಕೇಳಿಸ್ತದಾ ಅವರಿಗೆ?" ಎಂದೆ ನಾನು.

ಅದೇ ದೊಡ್ಡ ಸಂಕಟವಾಗಿತ್ತು. ಚಾವಡಿಯಲ್ಲಿ ಯಜಮಾನ ಊರ ತಾಂಬೂಲ ಕೊಡದೆ ನಮ್ಮೂರಿನ ಹೆಣ್ಣು ಹೊಳೆ ದಾಟುವಂತಿಲ್ಲ. ಬೋರಲಿಂಗಯ್ಯ ತಾಂಬೂಲದ ತಟ್ಟೆಯನ್ನು ಮುಟ್ಟಲೂ ಒಪ್ಪಲಿಲ್ಲ. "ಇಂಥೋಳ್ನ ಹೊಳೆಯಾಚೆ ಕಳಿಸ್ಬುಟ್ಟು ನಾವು ಯಾರ್ನ ಕೇಳಾದು? ಮುಂದಿನ ಸುಗ್ಗಿ ಆಗ್ಲಿ, ನೋಡಾನ" ಎನ್ನುತ್ತಿದ್ದ. ಆ ಸುಗ್ಗಿಯ ಮುಂದೆ ಇನ್ನೊಂದು ಸುಗ್ಗಿ ಇರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಹುಡುಗನನ್ನೇ ಇಲ್ಲಿಗೆ ಕರೆಸೋಣವೆಂದರೆ ಅವನ ಅಂಗಡಿ ಅಲ್ಲಿ, ತಾಯಿ ಅಲ್ಲಿ. ನನ್ನ ಮನಸ್ಸಿನ ಮಾತು ಹೇಳಬೇಕೆಂದರೆ, ಅವಳು ಕಣ್ಣೆದುರೇ ಇರುತ್ತಾಳಲ್ಲ ಎಂದು ಒಮ್ಮೊಮ್ಮೆ ಹಿಗ್ಗುತ್ತಿದ್ದೆ. ಆದರೆ ಪೀಠದ ಮೇಲೆ ದಿನೇ ದಿನೇ ಬಾಡುತ್ತಿದ್ದ ಅವಳ ಮುಖ ನೋಡಿದಾಗ ಆ ಹಿಗ್ಗು ಹಾಗೇ ಇಳಿದುಹೋಗುತ್ತಿತ್ತು.

ಒಂದು ದಿನ ಮಹಿಮರಂಗ ಸೈಕಲನ್ನು ದೋಣಿಗೆ ಹಾಕಿಕೊಂಡು ಬಂದ. ಚೆಲುವಿಯ ಹತ್ತಿರ ನೇರ ಹೋಗಲು ಯಾರೂ ಬಿಡಲಿಲ್ಲ, ನ್ಯಾಯಕ್ಕೆ ಬಂದವರ ಸಾಲಿನಲ್ಲಿ ನಿಲ್ಲಿಸಿದರು. ಹಿಂದಿನವರು ನೂಕಿದರು, ಮುಂದಿನವರು ದುರುಗುಟ್ಟಿದರು. ಅಂತೂ ಅವನ ಸರದಿ ಬಂದಾಗ ಪೀಠದ ಮುಂದೆ ಕೈಕಟ್ಟಿ ನಿಂತ.

"ಏನಪ್ಪಾ ನಿನ್ನ ದೂರು?" ಎಂದ ಬೋರಲಿಂಗಯ್ಯ.

"ವೀಳ್ಯ ಆಗಿರೋ ಹುಡುಗಿ ಕೈಗೆ ಸಿಗ್ತಿಲ್ಲ ಯಜಮಾನ್ರೇ" ಎಂದ ಮಹಿಮರಂಗ. ಜನ ನಕ್ಕರು. ಅವನು ನಗಲಿಲ್ಲ. ಚೆಲುವಿಯ ಕಡೆ ತಿರುಗಿ ದನಿ ತಗ್ಗಿಸಿ ಹೇಳಿದ: "ಅವ್ವ ಬೇಜಾರು ಮಾಡ್ಕಂಡವ್ಳೆ. ದೀಪಾವಳಿ ಒಳಗೆ ಹೆಣ್ಣು ಕಳಿಸ್ದಿದ್ರೆ ಬ್ಯಾರೆ ಕಡೆ ನೋಡ್ತೀನಿ ಅಂತವ್ಳೆ. ನಾನು ಯಂಗೆ ತಡೀಲಿ ಹೇಳು. ಬೇಕಾದ್ರೆ ಈಗ್ಲೇ ಸೈಕಲ್ ಹತ್ತು, ಹೋಗ್ಬುಡಾನ."

ಚೆಲುವಿ ಕಣ್ಣು ಒರೆಸಿಕೊಂಡು, "ನಾನು ಓಡಿಹೋದ್ರೆ ಚಿಕ್ಕವ್ವ ಚಿಕ್ಕಪ್ಪ ಈ ಊರಲ್ಲಿ ತಲೆ ಎತ್ತಂಗಿಲ್ಲ. ದೀಪಾವಳಿಗೆ ಇನ್ನೂ ದಿನ ಅದೆ, ನಿಮ್ಮವ್ವನ್ನ ಹಿಡ್ಕಂಡಿರು" ಎಂದಳು.

ಮೊದಲು ಅವಳು ಸುಲಭದ ದಾರಿ ಹಿಡಿದಳು. ಬೇಕೆಂದೇ ಪೆದ್ದು ಪೆದ್ದಾಗಿ ಆಡತೊಡಗಿದಳು. ತಲೆಯ ಮೇಲೆ ಮೊರ ಹೊತ್ತು ಬೀದಿಯಲ್ಲಿ ನಡೆದಳು. ಮಾರನೆಯ ದಿನ ಅರ್ಧ ಊರು ಮೊರ ಹೊತ್ತು ತಿರುಗಿತು, "ಬಿಸಿಲು ತಲೆಗೇ ತಾಗಕ್ಕಿಲ್ಲ ಕಣ್ರಲಾ, ಎಂಥಾ ತಲೆ!" ಎಂದು ಕೊಂಡಾಡಿತು. ತೀರ್ಪು ಕೇಳಿದವರಿಗೆ "ನಂಗೇನು ಗೊತ್ತು" ಎಂದಳು. ಇಷ್ಟು ತೂಕದ ಉತ್ತರ ಹಿಂದೆಂದೂ ಕೇಳಿರಲಿಲ್ಲವೆಂದು ಅವರು ಕೈಮುಗಿದು ಹೋದರು. ಮೊರ ಕೆಳಗಿಟ್ಟು ಚೆಲುವಿ ನನ್ನ ಹತ್ತಿರ ಬಂದು ಕೂತಳು. ಮೊರದ ಅಂಚಿನ ಕಡ್ಡಿಗಳನ್ನು ಒಂದೊಂದಾಗಿ ಮುರಿದಳು. ಕೊನೆಗೆ, "ನಿಜಾನೇ ಹೇಳ್ತೀನಿ ಚಿಕ್ಕವ್ವ. ಆದದ್ದಾಗ್ಲಿ" ಎಂದಳು.

"ಹಾಲು ತರಿಸ್ತಾರೆ ಕಣೇ. ಒಡೆದ್ರೆ ಹುಡುಗನ್ನೂ ಕಳ್ಕತೀಯ."

"ಗೊತ್ತು. ಅದಕ್ಕೇ ಎಲ್ಲರ ಮನೆ ಹಾಲೂ ತರಿಸ್ತೀನಿ" ಎಂದಳು. ನನಗೆ ಅರ್ಥವಾಗಲಿಲ್ಲ.

ಚೆಲುವಿ ಹೇಳಿದಂತೆ ಡಂಗುರ ಸಾರಿಸಿದರು: ಪ್ರತಿ ಮನೆಯವರೂ ಒಂದೊಂದು ಚೊಂಬು ಹಾಲು ಹಿಡಿದು ಹೊರಗೆ ಬಯಲಿನಲ್ಲಿರಬೇಕು, ಕರೆದವರು ಮಾತ್ರ ಚಾವಡಿಯೊಳಗೆ ಬರಬೇಕು. ಹೊಳೆಯಾಚೆಗೂ ಹೇಳಿಕಳಿಸಿದ್ದರಿಂದ ಹೊನ್ನಕ್ಕ ಮಗನೊಂದಿಗೆ ಬಂದಿದ್ದಳು, ಮುಖ ಬಿಗಿದುಕೊಂಡೇ. ನಾನೂ ನಮ್ಮನೆಯವರೂ ನಮ್ಮ ಚೊಂಬು ಹಿಡಿದು ಬಾಗಿಲಿನ ಹೊರಗೇ ನಿಂತೆವು. ಚೆಲುವಿ ಪೀಠದ ಮೇಲೆ ಕೂರದೆ, ಕೆಳಗೆ ನಿಂತೇ ಹೇಳಿದಳು.

"ವೀಳ್ಯದ ದಿನ ಹಂಡೇಲಿ ಇದ್ದುದ್ದು ಕಾಯಿಹಾಲು. ಲೋಟದಲ್ಲೂ ಅದೇ. ಹಿಂಡಿದ್ದು ನಾನೇ. ಆ ಮಾತು ನಂಗೆ ಸಲ್ತದೋ ಇಲ್ವೋ ನಿಮಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ."

ನಮ್ಮನೆಯವರು ನನ್ನ ಕಡೆ ತಿರುಗಿದರು. ನಾನು ಚೊಂಬಿನೊಳಗೆ ಏನೋ ಬಿದ್ದವಳಂತೆ ಬಗ್ಗಿ ನೋಡಿದೆ. ಜನರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಬೋರಲಿಂಗಯ್ಯ ಕೋಲು ಕುಟ್ಟಿ ಸುಮ್ಮನಾಗಿಸಿ, "ಅದಕ್ಕೇನಂತೆ, ಈಗ್ಲೇ ನೋಡ್ಬುಡಾನ" ಎಂದು ತನ್ನ ಮನೆಯ ಚೊಂಬನ್ನು ತರಿಸಿ ಪೀಠದ ಮೇಲೆ ಇಟ್ಟ. ಯಜಮಾನ ಗಂಟಲು ಸರಿಮಾಡಿಕೊಳ್ಳುತ್ತಿರುವಾಗ ಹೊನ್ನಕ್ಕ ಎದ್ದು ನಿಂತಳು.

"ತಡೀರಿ. ಆವತ್ತು ಆ ಮಾತು ಆಡಿದ್ದು ನಮ್ಮ ಚಿಕ್ಕಮಾವ. ನಮ್ಮ ಕಡೆ ಮಾತು ಸುಳ್ಳಾಯ್ತದೋ ನಿಜ ಆಯ್ತದೋ ನಾನೇ ನೋಡ್ಬೇಕು." ಚೊಂಬಿನ ಹತ್ತಿರ ಬಂದು ಚೆಲುವಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾಕೆ ಹಿಂಡ್ದೆ ಕಾಯಿಹಾಲು?"

"ಹೊಗಳಿದೋರ ಮಾನ ಹೋಗಬಾರದು ಅಂತ" ಎಂದಳು ಚೆಲುವಿ. ಮಹಿಮರಂಗನ ಕಡೆ ನೋಡಿ ಸೇರಿಸಿದಳು: "ನಿಮ್ಮ ಮಗ ನಂಗೆ ಬೇಕು ಅಂತಾನೂ."

ಹೊನ್ನಕ್ಕ ಚೊಂಬನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ, ಯಾರಿಗೋ ಬಡಿಸುತ್ತಾ ಮಾತಾಡುವ ಹಾಗೆ ಹೇಳಿದಳು: "ಬಾಯಿ ತಡೆಯಕ್ಕಾಗದ ಮುದುಕ ನಾಕು ಜನರ ಮುಂದೆ ತಲೆ ತಗ್ಗಿಸಬಾರದು ಅಂತ, ಮುಖಾನೂ ನೋಡಿಲ್ದೋನಿಗೋಸ್ಕರ ಬೆಳಿಗ್ಗೇನೇ ಯೋಚನೆ ಮಾಡಿ ಕಾಯಿ ತುರಿದಳಲ್ಲ. ಅದು ವಿವೇಕ."

ಎಲ್ಲರೂ ಚೊಂಬಿನ ಮೇಲೆ ಬಗ್ಗಿದರು. ಹಾಲು ಅಲುಗಲಿಲ್ಲ. ತೆಳ್ಳಗೆ ಕಟ್ಟಿದ ಕೆನೆ ಹಾಗೇ ಇತ್ತು. ಈ ಸಲ ಅದು ಅಪ್ಪಟ ಹಸುವಿನ ಹಾಲು, ಯಜಮಾನನ ಮನೆಯದೇ. ನನಗೆ ಅಳು ತಡೆಯಲಾಗಲಿಲ್ಲ. ಮಹಿಮರಂಗ ತಾಯಿಯ ಕಾಲಿಗೆ ಬಿದ್ದ.

"ಹಂಗಾದ್ರೆ ಮುಗೀತು! ಇವ್ಳನ್ನ ಊರಾಚೆ ಕಳ್ಸೋ ಮಾತೇ ಇಲ್ಲ" ಎಂದು ಬೋರಲಿಂಗಯ್ಯ ಕೂಗಿದ. ಎದ್ದ ಜೀವ ಮತ್ತೆ ಕೂತಿತು.

ಆದರೆ ಚೆಲುವಿ ಇದಕ್ಕೇ ಕಾದಿದ್ದವಳಂತೆ ಬಾಗಿಲಿನ ಕಡೆ ತಿರುಗಿದಳು. "ಯಜಮಾನ್ರೇ, ಆ ಮಾತನ್ನ ಇಷ್ಟು ಕಾಲ ನಾವು ಹಾರ ಹಾಕೋ ಹಂಗೆ ಹಾಕ್ದೋ, ಬೀಗರಿಗೆ, ದೊಡ್ಡೋರಿಗೆ, ಕೆಲಸ ಆಗ್ಬೇಕಾದೋರಿಗೆ. ಮನೇಲಿ ದಿನಾ ಕಾಣೋರ ಕೆಲಸ ನೋಡಿ ಯಾರಾದ್ರೂ ಆಡಿದ್ದೀರಾ? ಈರಜ್ಜಿ, ಒಳಗೆ ಬಾ. ನಿನ್ನ ಸೊಸೆ ಎದುರುತ್ತರ ಕೊಡಕ್ಕಿಲ್ಲ ಅಂದ್ಯಲ್ಲ, ನೀನು ಬೈವಾಗ ಏನು ಮಾಡ್ತಾಳೆ?"

"ಏನು ಮಾಡ್ತಾಳೆ, ಕೊಡ ತಗಂಡು ನೀರಿಗೆ ಹೋಯ್ತಾಳೆ. ಬರೋ ಹೊತ್ತಿಗೆ ನನ್ನ ಕೋಪಾನೇ ಇಳ್ದಿರ್ತದೆ" ಎಂದಳು ಈರಜ್ಜಿ. ಹೇಳಿದ್ದು ಅವಳಿಗೇ ಆಗ ಕೇಳಿಸಿತು. ತನ್ನ ಚೊಂಬನ್ನೊಮ್ಮೆ, ಹೊರಗೆ ನಿಂತಿದ್ದ ಸೊಸೆಯನ್ನೊಮ್ಮೆ ನೋಡಿ, ಬೊಚ್ಚುಬಾಯಿಯಲ್ಲಿ ಮೆಲ್ಲಗೆ, "ಅದು ವಿವೇಕ ಕಣವ್ವ" ಎಂದಳು. ಹಾಲು ಒಡೆಯಲಿಲ್ಲ.

ಆಮೇಲೆ ಕರೆಯುವುದೇ ಬೇಕಾಗಲಿಲ್ಲ. ಹುಂಜದ ಕರಿಯಣ್ಣ ನುಗ್ಗಿ ಬಂದು, ದಾಸಪ್ಪ ಹುಂಜಕ್ಕೆ ಕಲ್ಲೆತ್ತಿದ ಕೈಯನ್ನು ಹಾಗೇ ಇಳಿಸಿ ತನ್ನನ್ನು ಕೂಗಿದ್ದನ್ನು ಹೇಳಿ, ಆ ಮಾತು ಆಡಿದ. ಹಾಲು ಒಡೆಯದೆ ನಿಂತಿತು. ಗಂಡ ಹೆಂಡತಿಯ ಬಗ್ಗೆ, ಅಣ್ಣ ತಮ್ಮನ ಬಗ್ಗೆ ಹೇಳಲು ಬಂದರು, ಸಾಲು ಬಾಗಿಲು ದಾಟಿ ಬಯಲಿಗೆ ಹರಿಯಿತು. ಒಬ್ಬಿಬ್ಬರು ಸುಳ್ಳು ಸೇರಿಸಿದರು, ಒಳಗಿದ್ದ ಚೊಂಬುಗಳ ಹಾಲು ಒಡೆಯಿತು, ಅವರನ್ನು ಬೈದು ಹೊರಗಟ್ಟಿ ಬೇರೆ ಹಾಲು ತಂದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಊರಿನವರೆಲ್ಲ ಅವತ್ತು ತಮ್ಮ ತಮ್ಮ ಹಿತ್ತಲಿನ ಗಿಡವನ್ನೇ ಬೆರಗಾಗಿ ನೋಡುತ್ತಿದ್ದರು. ಮನೆಮನೆಯಲ್ಲೂ ಇಷ್ಟಿರುವಾಗ ಒಬ್ಬಳನ್ನೇ ಕಲ್ಲಿನ ಮೇಲೆ ಕೂರಿಸಿಕೊಳ್ಳುವುದು ಯಾತಕ್ಕೆ ಎಂದು ಹೊನ್ನಕ್ಕ ಕೇಳಿದಳು.

ಬೋರಲಿಂಗಯ್ಯ ಸೋತ. ತಾಂಬೂಲದ ತಟ್ಟೆ ತರಿಸಿ ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಯಜಮಾನನಲ್ಲವೇ, ಮೀಸೆ ತಿರುವಿ ಸೇರಿಸಿದ: "ಎಷ್ಟಾದ್ರೂ ಹೆಣ್ಣು ಕಳಿಸಕ್ಕೆ ಒಪ್ಪಿದ್ದು ನನ್ನ ವಿವೇಕ!" ಚಾವಡಿಯಲ್ಲಿದ್ದ ಹಾಲೆಲ್ಲ ಒಂದೇ ಏಟಿಗೆ ಒಡೆಯಿತು. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು, ಅವನೂ ನಕ್ಕ. ಅಲ್ಲೇ ಒಲೆ ಹೂಡಿ, ಬೆಲ್ಲ ತಂದು, ಊರಿಗೆಲ್ಲ ಆಗುವಷ್ಟು ಹೊಗಳಿಕೆ ಮಾಡಿದೆವು. ಪೀಠಕ್ಕೆ ಬೆಕ್ಕು ಹಿಂದಿರುಗಿತು.

ನಮ್ಮ ಚೊಂಬು ಮಾತ್ರ ಬಾಗಿಲಾಚೆ ಬಯಲಿನಲ್ಲೇ ಇದ್ದುದರಿಂದ ಉಳಿದಿತ್ತು. ನಾನು ನಮ್ಮನೆಯವರ ಬಗ್ಗೆ ಏನೂ ಹೇಳಿರಲಿಲ್ಲ. ಹೇಳುವುದಕ್ಕೆ ಏನೂ ನೆನಪಾಗಲಿಲ್ಲ, ನಿಜವಾಗಿಯೂ. ದಾರಿಯುದ್ದಕ್ಕೂ ಅವರು ಚೊಂಬನ್ನು ತುಳುಕದಂತೆ ಹಿಡಿದು ನಡೆದರು.

ದೀಪಾವಳಿಗೆ ಮುಂಚೆ ಚೆಲುವಿಯ ಮದುವೆಯಾಯಿತು. ದೋಣಿ ಆಚೆ ದಡ ಸೇರುವವರೆಗೆ ಸೆರಗು ಬೀಸುತ್ತಾ ನಿಂತಿದ್ದೆ. ಮಾರನೆಯ ಬೆಳಿಗ್ಗೆ ಎದ್ದಾಗ ಅವಳ ಚಾಪೆ ಮೂಲೆಯಲ್ಲಿ ಸುತ್ತಿಟ್ಟೇ ಇತ್ತು. ಹಾಲನ್ನು ಒಲೆಯ ಮೇಲೆ ಇಟ್ಟೆ, ಹಾಗೇ ಗೋಡೆಗೆ ಒರಗಿ ಅತ್ತೆ. ಈಗಲೇ ಹೊರಟು ಅವಳನ್ನು ನೋಡಿ ಬರುತ್ತೇನೆ ಎಂದೆ. ನಮ್ಮನೆಯವರು ಅಡುಗೆಮನೆಯ ಹೊಸಿಲ ಮೇಲೆ ಬಂದು ಕೂತರು.

"ದೋಣಿಯವನಿಗೆ ಹೇಳಿ ಬಂದಿವ್ನಿ" ಎಂದರು. "ಆದ್ರೆ ಇವತ್ತಿಗಲ್ಲ, ಬರೋ ಸೋಮವಾರಕ್ಕೆ. ಇವತ್ತು ನೀನು ಹೋದ್ರೆ ಇಬ್ರೂ ಅಳ್ತೀರ, ಅತ್ತೆಮನೇಲಿ ಮೊದಲ್ನೇ ದಿನ ಮಗು ಅಳೋ ಹಂಗಾಗಬಾರದು. ಅದು ಅಲ್ಲಿ ಒಂದೀಟು ಬೇರು ಬಿಡ್ಲಿ. ಸೋಮವಾರ ಹೋಗಾನ, ನಗ್ತಾ ಹೋಗಾನ. ನಂಗೂ ಆಯ್ತಾ ಇಲ್ಲ ಕಣೇ." ಅಷ್ಟು ಹೇಳಿ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ದೋಣಿಯವನ ಮನೆಗೆ ಬೆಳಕು ಹರಿಯುವ ಮುಂಚೆಯೇ ಹೋಗಿ ಬಂದಿದ್ದರು, ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ.

ಇಷ್ಟು ವರ್ಷ ಸಂಸಾರ ಮಾಡಿ ನಾನು ಅವರ ಮುಖವನ್ನು ಅವತ್ತಿನಷ್ಟು ಸರಿಯಾಗಿ ನೋಡಿರಲಿಲ್ಲ. ಒಲೆಯ ಮೇಲೆ ಮನೆಯ ಹಾಲಷ್ಟೂ ಇದೆ ಎಂಬುದು ನೆನಪಿತ್ತು. ನೆನಪಿದ್ದೂ ಆ ಮಾತು ಆಡಿದೆ.

"ನಿಮ್ಮದು ವಿವೇಕ ಕಣ್ರೀ."

ಅವರು ಗಾಬರಿಯಿಂದ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಪಾತ್ರೆಯ ಕಡೆ ತಿರುಗುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಚುಸ್ಸೆಂದು ಸದ್ದಾದಾಗ ತಿರುಗಿದೆವು. ಹಾಲು ಒಡೆದಿರಲಿಲ್ಲ. ನೋಡಿಕೊಳ್ಳುವವರಿಲ್ಲದೆ, ಬೆಳ್ಳಗೆ, ತುಂಬಿ ಬಂದು, ಒಲೆಯ ಮೇಲೆಲ್ಲ ಉಕ್ಕಿ ಹರಿಯುತ್ತಿತ್ತು.